ಗಾಳಿಯಂತ್ರದ ರೆಕ್ಕೆಯೊಳಗಿನ ಗಾಜು

ಚಿತ್ರದುರ್ಗದವರಿಗೆ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಹೊಸದಲ್ಲ. ಅವುಗಳ ರೆಕ್ಕೆ ಯಾವುದರದ್ದು ಅಂತ ಕೇಳಿ ನೋಡಿ. ಕಬ್ಬಿಣ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಹೀಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಂಬ ಉಕ್ಕಿನದೇ. ಆದರೆ ರೆಕ್ಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಗಾಜಿನದು. ಕೈಜಾರಿದರೆ ಚೂರಾಗುವ ಗಾಜು ಬಿರುಗಾಳಿಗೆ ಬಗ್ಗಿ, ಮತ್ತೆ ನೆಟ್ಟಗಾಗುವುದು ಹೇಗೆ?

ಫೋಟೋ ಫ್ರೇಮ್ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಅರ್ಧ ಉತ್ತರ ಸಿಗುತ್ತದೆ. ಅಲ್ಲಿ ಗಾಜನ್ನು ಯಾರೂ ಪೂರ್ತಿ ಕತ್ತರಿಸುವುದಿಲ್ಲ. ಪಟ್ಟಿ ಇಟ್ಟು, ಪುಟ್ಟ ಚಕ್ರದಿಂದ ಸರ್ರನೆ ಒಂದು ಗೀರು ಎಳೆಯುತ್ತಾರೆ. ಆಮೇಲೆ ಎರಡೂ ಬದಿ ಹಿಡಿದು ತುಸು ಬಗ್ಗಿಸಿದರೆ ಸಾಕು, ಟಕ್ ಅಂತ ಗೀರಿನಗುಂಟ ಸೀಳುತ್ತದೆ. ಬಗ್ಗಿಸಿದ ಬಲವೆಲ್ಲ ಆ ಗೀರಿನ ತುದಿಗೇ ಬಂದು ಬೀಳುತ್ತದೆ. ಲೋಹವಾಗಿದ್ದರೆ ಅಲ್ಲಿ ಸ್ವಲ್ಪ ಹಿಗ್ಗಿ ತಡೆದುಕೊಳ್ಳುತ್ತಿತ್ತು. ಗಾಜಿಗೆ ಹಿಗ್ಗಿ ಗೊತ್ತಿಲ್ಲ. ಒರೆಸುವಾಗ, ಧೂಳು ತಾಗಿದಾಗ ನಮ್ಮ ಕಿಟಕಿ ಗಾಜಿನ ಮೇಲೂ ಕಣ್ಣಿಗೆ ಕಾಣದ ಇಂಥ ಗೀರುಗಳು ಬಿದ್ದಿರುತ್ತವೆ.

ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನ ಸಂಶೋಧನೆ ಮಾಡುತ್ತಿದ್ದ ಎ. ಎ. ಗ್ರಿಫಿತ್ 1921ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಬೇರೆ ಬೇರೆ ದಪ್ಪದ ಗಾಜಿನ ಎಳೆಗಳನ್ನು ತೂಕ ಕಟ್ಟಿ ಹರಿಯುವ ತನಕ ಎಳೆದರು. ಸುಮಾರು 1 ಮಿಲಿಮೀಟರ್ ದಪ್ಪದ ಎಳೆಗಿಂತ 3 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಎಳೆ, ದಪ್ಪಕ್ಕೆ ತಕ್ಕ ಲೆಕ್ಕದಲ್ಲಿ, ಹತ್ತಿರ ಹತ್ತಿರ 20 ಪಟ್ಟು ಗಟ್ಟಿ! ಎಳೆ ಸಣ್ಣಗಾದರೆ ಅದರಲ್ಲಿ ದೊಡ್ಡ ಗೀರಿಗೆ ಜಾಗವೇ ಇರುವುದಿಲ್ಲ, ಅಲ್ವಾ?

ರೆಕ್ಕೆಗೆ ಹೋಗುವ ಗಾಜು ಬಾಟಲಿ ಗಾಜಲ್ಲ. ಮರಳು ಮತ್ತು ಸುಣ್ಣಕಲ್ಲು ಎರಡಕ್ಕೂ ಬೇಕು. ಬಾಟಲಿಗಾದರೆ ಮರಳು ಬೇಗ ಕರಗಲಿ ಅಂತ ಸೋಡಾ ಬೂದಿ ಹಾಕುತ್ತಾರೆ. ಎಳೆಯ ಗಾಜಿನಲ್ಲಿ ಸೋಡಾ ಹೆಚ್ಚಾದರೆ ತೇವ ತಾಗಿ ಮೈ ಸವೆಯುತ್ತದೆ. ಹಾಗಾಗಿ ಅದನ್ನು ಬಹುತೇಕ ಬಿಟ್ಟು, ಅಲ್ಯೂಮಿನಾ (ಅಲ್ಯೂಮಿನಿಯಂ ಆಮ್ಲಜನಕದ ಜೊತೆ ಸೇರಿದ ಪುಡಿ) ಸೇರಿಸುತ್ತಾರೆ. ಇದಕ್ಕೆ ಇ-ಗ್ಲಾಸ್ ಅಂತ ಹೆಸರು. ಕುಲುಮೆಯ ಬಿಸಿ 1400 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ಕರಗಿದ ಗಾಜು ಪ್ಲಾಟಿನಂ ಮತ್ತು ರೋಡಿಯಂ ಬೆರೆಸಿದ ತಟ್ಟೆಗೆ ಬರುತ್ತದೆ. ಅಷ್ಟು ದುಬಾರಿ ಲೋಹ ಯಾಕೆ ಅಂದರೆ, ಆ ಬಿಸಿ ಗಾಜಿನ ಸಹವಾಸವನ್ನು ಬಹುಕಾಲ ತಾಳುವ ಲೋಹಗಳು ಕಡಿಮೆ. ತಟ್ಟೆಯ ತಳದಲ್ಲಿ ನೂರಾರು, ಕೆಲವು ಸಲ ಸಾವಿರಾರು ತೂತುಗಳು. ನೋಡಲಿಕ್ಕೆ ಶಾವಿಗೆ ಒತ್ತಿದ ಹಾಗೇ. ಆದರೆ ಶಾವಿಗೆಯನ್ನು ಮೇಲಿಂದ ಒತ್ತಬೇಕು, ಇಲ್ಲಿ ಗಾಜು ತಾನಾಗೇ ಇಳಿಯುತ್ತದೆ. ಕೆಳಗೆ ತಿರುಗುವ ಸುರುಳಿಯೊಂದು ಅದನ್ನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಎಳೆಯುತ್ತದೆ. ಒಂದೆರಡು ಮಿಲಿಮೀಟರ್ ತೂತಿನಿಂದ ಹೊರಟದ್ದು ಸುರುಳಿ ಸೇರುವಾಗ 10ರಿಂದ 20 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಎಷ್ಟೋ ತೆಳು. ಈ ಆಟವೆಲ್ಲ ನಡೆಯುವುದು ತೂತಿನ ಕೆಳಗಿನ ಬೆರಳಗಲದ ಜಾಗದಲ್ಲಿ. ಅಲ್ಲಿಂದಾಚೆ ಗಾಜು ಆಗಲೇ ಗಟ್ಟಿ. ದಾರಿಯಲ್ಲೇ ಎಳೆಗೆ ಒಂದು ಲೇಪ ಬಳಿಯುತ್ತಾರೆ. ಎಳೆಗೆ ಎಳೆ ಉಜ್ಜಿ ಗೀರು ಬಿದ್ದರೆ ಪಟ್ಟ ಪಾಡೆಲ್ಲ ವ್ಯರ್ಥ. ನನ್ನ ಕೇಳಿದರೆ ಇಡೀ ಕೆಲಸದ ಗುಟ್ಟು ಈ ಲೇಪದಲ್ಲೇ ಇದೆ. ಮುಂದೆ ಅಂಟು ಗಾಜನ್ನು ಕಚ್ಚಿಕೊಳ್ಳುವುದೂ ಅದರಿಂದಲೇ.

ಉಳಿದದ್ದು ಬಟ್ಟೆ ಕೆಲಸ. ಎಳೆಗಳಿಂದ ಮಾಡಿದ ಹಾಸುಗಳನ್ನು ರೆಕ್ಕೆಯುದ್ದದ ಅಚ್ಚಿನಲ್ಲಿ ಪದರ ಪದರವಾಗಿ ಹಾಸುತ್ತಾರೆ. ನಡುವೆ ಅಲ್ಲಲ್ಲಿ ಹಗುರಾದ ಬಾಲ್ಸಾ ಮರ ಇಲ್ಲವೇ ಫೋಮ್. ಮೇಲೆ ಪ್ಲಾಸ್ಟಿಕ್ ಹೊದಿಸಿ ಗಾಳಿ ಹೀರಿದರೆ, ಎಪಾಕ್ಸಿಯಂಥ ಅಂಟು ಸಂದುಗೊಂದಿಗೆಲ್ಲ ನುಗ್ಗುತ್ತದೆ. ಕೊನೆಗೆ ಎರಡು ಹೋಳು ಸೇರಿಸಿ ಅಂಟಿಸಿದರೆ ರೆಕ್ಕೆ ತಯಾರು. ಒಂದು ಎಳೆ ಹರಿದರೂ ಪಕ್ಕದವು ಭಾರ ಹೊರುತ್ತವೆ, ಬಿರುಕು ಅಂಟಿನಲ್ಲಿ ದಾರಿ ತಪ್ಪುತ್ತದೆ.

ತಲೆನೋವು ಇರುವುದು ರೆಕ್ಕೆ ಹಳೆಯದಾದ ಮೇಲೆ. ಗಾಳಿಯಂತ್ರದ ಆಯಸ್ಸು ಸಾಮಾನ್ಯವಾಗಿ 20ರಿಂದ 25 ವರ್ಷ. ಒಡೆದ ಬಾಟಲಿಯನ್ನು ಸುಮ್ನೆ ಕುಲುಮೆಗೆ ಹಾಕಿದರೆ ಮತ್ತೆ ಬಾಟಲಿಯಾಗುತ್ತದೆ. ರೆಕ್ಕೆಗೆ ಅಷ್ಟು ಸುಲಭದ ದಾರಿ ಇಲ್ಲ, ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಕೆಲವು ದೇಶಗಳಲ್ಲಿ ರೆಕ್ಕೆಯನ್ನು ಚೂರು ಮಾಡಿ ಸಿಮೆಂಟ್ ಗೂಡಿಗೆ ಹಾಕುತ್ತಾರೆ. ಅಂಟು ಉರಿದು ಕಲ್ಲಿದ್ದಲು ಉಳಿಸುತ್ತದೆ. ಗಾಜಿನ ಸಿಲಿಕಾ (ಮರಳಿನ ಮುಖ್ಯ ಅಂಶ), ಸುಣ್ಣ, ಅಲ್ಯೂಮಿನಾ ಸಿಮೆಂಟಿಗೂ ಬೇಕಾದವೇ, ಅದರಲ್ಲೇ ಬೆರೆತು ಹೋಗುತ್ತವೆ.