ವಿಮೆ ಇಲ್ಲದೆ ವಿದೇಶದಲ್ಲಿ ಬಸುರಿ: ದುಡ್ಡಿನ ಮಾತು ಮೂರನೇ ತಿಂಗಳಲ್ಲೇ ಮುಗಿಸಿ

ತಿಪಟೂರು, ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿನ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಈಗ ಹೊಸ ಗುಂಪೊಂದು ಸೇರಿಕೊಂಡಿದೆ. ಬಸುರಿ ಬಂದಿರುವುದಿಲ್ಲ, ಅವಳ ತಾಯಿ ಬಂದಿರುತ್ತಾರೆ. ಮಗಳು ಡಲ್ಲಾಸ್‌ನಲ್ಲೋ ಟೊರಾಂಟೊದಲ್ಲೋ ಇರುತ್ತಾಳೆ. ತಾಯಿಯ ಮೊಬೈಲಿನಲ್ಲಿ ಮೊದಲು ಸ್ಕ್ಯಾನ್ ರಿಪೋರ್ಟು, ಅದರ ಹಿಂದೆಯೇ ಬಿಲ್ಲಿನ ಫೋಟೋ. ರಿಪೋರ್ಟಿನ ಬಗ್ಗೆ ಒಂದು ಪ್ರಶ್ನೆ, ಬಿಲ್ಲಿನ ಬಗ್ಗೆ ಹತ್ತು.

ಅಂಥ ತಾಯಿಯೊಬ್ಬರು ಹೇಳಿದ್ದು ಇದು: "ಮೇಡಂ, ಅಳಿಯ ಅಲ್ಲಿ ಎಂ.ಎಸ್. ಓದ್ತಾ ಇದಾನೆ. ಅವನಿಗೆ ಕಾಲೇಜಿನ ಇನ್ಶೂರೆನ್ಸ್ ಇದೆ, ಇವಳಿಗಿಲ್ಲ. ಒಂದೇ ಒಂದು ಸಲ ತೋರಿಸಿದ್ದಕ್ಕೆ ಇಷ್ಟು ಬಿಲ್ ಬಂದಿದೆ. ಇನ್ನು ಏಳನೇ ತಿಂಗಳವರೆಗೂ ತೋರಿಸಲ್ಲ ಅಂತಾಳೆ. ನೀವೇ ರಿಪೋರ್ಟ್ ನೋಡಿ ಮಾತ್ರೆ ಬರ್ಕೊಡಿ, ಕೊರಿಯರ್ ಮಾಡ್ತೀವಿ."

ನಾನು ಬರೆದುಕೊಡಲಿಲ್ಲ. ಮಾತ್ರೆ ಕೊರಿಯರ್ ಆಗಬಹುದು, ಬಿಪಿ ಪಟ್ಟಿ ಕಟ್ಟೋರು ಯಾರು? ಉಳಿಸಬಾರದ ಕಡೆಯೇ ದುಡ್ಡು ಉಳಿಸಲು ಹೊರಟಿದ್ದಾಳೆ ಈ ಹುಡುಗಿ. ತಿಂಗಳ ತಪಾಸಣೆಯ ಖರ್ಚು ಎಷ್ಟೇ ಆದರೂ ಹಿಡಿತದಲ್ಲಿರುತ್ತದೆ. ಮನೆ ಮುರಿಯುವ ಬಿಲ್ಲು ಬರುವುದು ಗೊತ್ತಾಗದೆ ಏರಿದ ಬಿಪಿಯಿಂದ, ಎಂಟನೇ ತಿಂಗಳಿಗೇ ಹುಟ್ಟಿ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಸೇರಿದ ಮಗುವಿನಿಂದ. ಅಮೆರಿಕಾದ ದೊಡ್ಡ ಕಂಪನಿಗಳ ವಿಮೆ ಲೆಕ್ಕ ತೆಗೆದಾಗ ಬಸಿರು, ಹೆರಿಗೆ, ಬಾಣಂತನದ ಚಿಕಿತ್ಸೆ ಸೇರಿ ಸರಾಸರಿ ಖರ್ಚು 19 ಸಾವಿರ ಡಾಲರ್ ಹತ್ತಿರ ಬಂದಿತ್ತು. ಅಂದರೆ 16 ಲಕ್ಷ ರೂಪಾಯಿಗೂ ಜಾಸ್ತಿ. ವಿಮೆ ಇದ್ದವರು ಕೈಯಿಂದ ಕೊಟ್ಟದ್ದು ಸುಮಾರು 3 ಸಾವಿರ ಡಾಲರ್.

ಹಾಗಾದರೆ ಕೈ ಬಿಗಿಯಾಗಿದ್ದಾಗ ಯಾವುದನ್ನು ಮಾಡಿಸಬೇಕು, ಯಾವುದನ್ನು ಬಿಡಬಹುದು? ಅಮೆರಿಕಾದಲ್ಲಿ ವಾಡಿಕೆಯಂತೆ 12ರಿಂದ 14 ಸಲ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು ಕನಿಷ್ಠ 8 ಸಲ. ತೊಂದರೆ ಇಲ್ಲದ ಬಸಿರಾದರೆ ಭೇಟಿಗಳನ್ನು ದೂರ ದೂರ ಇಡಬಹುದೇ ಎಂದು ಡಾಕ್ಟರನ್ನು ನೇರವಾಗಿ ಕೇಳಬಹುದು, ತಪ್ಪೇನಿಲ್ಲ. ಮೊದಲ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಶುಗರ್, ಮೂತ್ರ, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಗಳು ಮತ್ತು ದಿನ ಲೆಕ್ಕ ಹಾಕುವ ಒಂದು ಸ್ಕ್ಯಾನ್ ಆಗಲೇಬೇಕು. 18ರಿಂದ 22 ವಾರದೊಳಗೆ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್. 24ರಿಂದ 28 ವಾರದಲ್ಲಿ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಪರೀಕ್ಷೆ. ಇದನ್ನು ನಮ್ಮ ಹೆಣ್ಣುಮಕ್ಕಳು ತಪ್ಪಿಸಲೇಬಾರದು, ನಮ್ಮವರಲ್ಲಿ ಬಸುರಿ ಶುಗರ್ ಜಾಸ್ತಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್. ಇನ್ನು ಪ್ರತಿ ಸಲವೂ ಬಿಪಿ.

ಬಿಡಬಹುದಾದ್ದೂ ಇದೆ. ಎಲ್ಲ ಸರಿ ಇರುವಾಗ ತಿಂಗಳಿಗೊಂದು ಸ್ಕ್ಯಾನ್ ಬೇಡ. ಮಗುವಿನ ಮುಖ ನೋಡುವ 3ಡಿ, 4ಡಿ ಸ್ಕ್ಯಾನ್ ಸುಮ್ನೆ ಖರ್ಚು. ರಕ್ತದಿಂದ ಮಾಡುವ ಜೀನ್ ಪರೀಕ್ಷೆಗೆ ಒಪ್ಪುವ ಮುಂಚೆ, ವಿಮೆ ಇಲ್ಲದವರಿಗೆ ಲ್ಯಾಬ್ ಎಷ್ಟು ಹಾಕುತ್ತದೆ ಎಂದು ಕೇಳಿಕೊಳ್ಳಿ. ಮನೆಗೊಂದು ಬಿಪಿ ಮಿಷನ್ ತಗೊಳ್ಳಿ. 140/90 ದಾಟಿದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಬೇಕು. ಜೋರು ತಲೆನೋವು, ಕಣ್ಣು ಮಂಜು, ಮುಖ ಊದುವುದು, ರಕ್ತ ಹೋಗುವುದು, ಮಗು ಮಿಸುಕಾಡದಿರುವುದು ಕಂಡರೆ ಬಿಲ್ಲಿನ ಯೋಚನೆ ಬಿಟ್ಟು ಹೊರಡಬೇಕು. ಅಮೆರಿಕಾದಲ್ಲಾದರೆ, 1986ರ ಎಮ್‌ಟಾಲಾ ಎಂಬ ತುರ್ತು ಚಿಕಿತ್ಸೆ ಕಾಯ್ದೆಯ ಪ್ರಕಾರ ಅಲ್ಲಿನ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ವಿಮೆ, ವೀಸಾ ಯಾವುದನ್ನೂ ನೆಪ ಮಾಡಿಕೊಂಡು ನೋವು ಬಂದ ಹೆಂಗಸನ್ನು ವಾಪಸ್ ಕಳಿಸುವಂತಿಲ್ಲ. ಆದರೆ ಅದು ಪುಕ್ಕಟೆ ಅಂತ ಯಾರೂ ತಿಳಿಯಬೇಡಿ. ಬಿಲ್ಲು ಮನೆಗೆ ಬಂದೇ ಬರುತ್ತದೆ.

ಇನ್ನು ವಿಮೆ. ಇಲ್ಲಿಂದ ಕೊಂಡು ಹೋದ ಟ್ರಾವೆಲ್ ಇನ್ಶೂರೆನ್ಸ್ ತೋರಿಸಿ "ಇದೆಯಲ್ಲ ಮೇಡಂ" ಅನ್ನುವವರು ಬಹಳ. ಅದು ಮಾಮೂಲಿ ತಪಾಸಣೆಗೂ ಹೆರಿಗೆಗೂ ಬರುವುದಿಲ್ಲ. ಅಮೆರಿಕಾದ ಪೂರ್ಣ ವಿಮೆ ಬೇರೆ. 2014ರಿಂದ, ಬಸುರಿ ಎಂಬ ಕಾರಣಕ್ಕೆ ಅಂಥ ವಿಮೆ ನಿರಾಕರಿಸುವಂತಿಲ್ಲ, ಹೆರಿಗೆ ಖರ್ಚನ್ನು ಹೊರಗಿಡುವಂತಿಲ್ಲ. ಓದುವವರ ಹೆಂಡತಿಗೆ ಸಿಗುವ ಎಫ್-2, ಕೆಲಸಕ್ಕೆ ಹೋದವರ ಹೆಂಡತಿಗೆ ಸಿಗುವ ಎಚ್-4 ವೀಸಾದವರೂ ಮಾರ್ಕೆಟ್‌ಪ್ಲೇಸ್ ಎಂಬ ಸರ್ಕಾರಿ ವಿಮೆ ಮಾರಾಟ ತಾಣದಲ್ಲಿ ಕೊಳ್ಳಬಹುದು. ತೊಡಕಿರುವುದು ಗಡುವಿನಲ್ಲಿ. ಗಂಡನಿಗೆ ಕೆಲಸವಿದ್ದರೆ ಮದುವೆಯಾದ 30 ದಿನದೊಳಗೆ ಕಂಪನಿಯ ವಿಮೆಗೆ ಹೆಂಡತಿಯ ಹೆಸರು ಸೇರಿಸಲು ಕೇಳಬೇಕು. ಭಾರತದಿಂದ ಹೋಗಿ ಇಳಿದವರಿಗೆ ಮಾರ್ಕೆಟ್‌ಪ್ಲೇಸ್‌ನಲ್ಲಿ 60 ದಿನ. ಇದು ತಪ್ಪಿದರೆ ನವೆಂಬರ್ 1ಕ್ಕೆ ತೆರೆಯುವ ವರ್ಷದ ನೋಂದಣಿಗೆ ಕಾಯಬೇಕು. ಬಸುರಾದದ್ದೇ ಕಾರಣವಾಗಿ ನಡುವೆ ಸೇರಿಸಿಕೊಳ್ಳುವ ರಾಜ್ಯಗಳು ಕಡಿಮೆ, ನ್ಯೂಯಾರ್ಕ್ ಅವುಗಳಲ್ಲಿ ಒಂದು. ಮಗಳನ್ನು ವಿಮಾನ ಹತ್ತಿಸುವಾಗ ಚಟ್ನಿಪುಡಿ ತೂಕ ಹಾಕುತ್ತೇವೆ, ಈ 60 ದಿನದ ಮಾತು ಯಾರೂ ಆಡುವುದಿಲ್ಲ.

ಅಳಿಯನ ಕೆಲಸ ಹೋದರೆ? ಈಗ ಇದು ಅಪರೂಪವಲ್ಲ. 20 ಅಥವಾ ಹೆಚ್ಚು ಜನರಿರುವ ಕಂಪನಿಯಾದರೆ ಕೋಬ್ರಾ ಎಂಬ ಕಾಯ್ದೆಯಡಿ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು, ದುಬಾರಿ. ಆದರೆ ಬೇಕು ಎಂದು ಹೇಳಲು 60 ದಿನ ಸಮಯವಿದೆ. ಹೇಳಿ ಬಾಕಿ ಪ್ರೀಮಿಯಂ ಕಟ್ಟಿದರೆ ವಿಮೆ ನಿಂತ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಎಂಟೂವರೆ ತಿಂಗಳಾಗಿರುವ ಬಸುರಿಗೆ ಇದು ದೊಡ್ಡ ಆಸರೆ.

ವಿಮೆಯೇ ಸಿಗದವರಿಗೂ ದಾರಿ ಇದೆ. ಆದಾಯ ಕಡಿಮೆ ಇದ್ದರೆ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಲಿನಾಯ್ ಥರದ ರಾಜ್ಯಗಳು ವಲಸೆ ಸ್ಥಿತಿ ನೋಡದೆ ಬಸುರಿಯ ತಪಾಸಣೆ, ಹೆರಿಗೆ ಎರಡನ್ನೂ ನೋಡಿಕೊಳ್ಳುತ್ತವೆ. ಟೆಕ್ಸಾಸ್‌ನಲ್ಲಿ ಇದರ ಹೆಸರು ಚಿಪ್ ಪೆರಿನೇಟಲ್. ಓದುವ ಗಂಡನ ಸಂಬಳ ಎಷ್ಟಿರುತ್ತೆ ಹೇಳಿ, ಬಹಳ ಮನೆಗಳು ಈ ಮಿತಿಯೊಳಗೇ ಬರುತ್ತವೆ. ಗ್ರೀನ್ ಕಾರ್ಡ್‌ಗೆ ಅಡ್ಡಿಯಾಗುತ್ತಾ ಎಂಬ ಭಯ ಎಲ್ಲರಿಗೂ ಇದೆ. ವಲಸೆ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಗೆಳೆಯರ ಮಾತು ನಂಬಿಕೊಂಡು ಬಿಡುವ ಬದಲು ವಲಸೆ ವಕೀಲರನ್ನು ಒಂದು ಸಲ ಕೇಳುವುದು ಒಳ್ಳೆಯದು. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿ ಹೆತ್ತು ಬರುವ ಯೋಚನೆ ಮಾತ್ರ ಬೇಡ. ಮಗುವಿಗೆ ಪೌರತ್ವ ಕೊಡಿಸುವುದೇ ಮುಖ್ಯ ಉದ್ದೇಶ ಎಂದು ಕಂಡರೆ 2020ರಿಂದ ವೀಸಾವನ್ನೇ ಕೊಡುವುದಿಲ್ಲ.

ಅಮೆರಿಕಾ ಸರ್ಕಾರದ ಅನುದಾನ ಪಡೆವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆದಾಯ ನೋಡಿ ಫೀಸು ಇಳಿಸುತ್ತಾರೆ. ಸ್ಲೈಡಿಂಗ್ ಫೀ ಇದೆಯಾ ಎಂದು ಕೇಳಿದರೆ ಸಾಕು. ಲಾಭಕ್ಕಲ್ಲದ ಆಸ್ಪತ್ರೆಗಳು ಬಡವರಿಗೆ ಬಿಲ್ಲು ಇಳಿಸುವ ಲಿಖಿತ ನೀತಿ ಇಟ್ಟುಕೊಳ್ಳಲೇಬೇಕು, ಮನೆಗೆ ಬಂದ ಮೇಲಿನ ಮೊದಲ ಬಿಲ್ಲಿನಿಂದ 240 ದಿನದವರೆಗೂ ಅರ್ಜಿ ತೆಗೆದುಕೊಳ್ಳಬೇಕು. ಇದಕ್ಕೆ ಫೈನಾನ್ಶಿಯಲ್ ಅಸಿಸ್ಟೆನ್ಸ್ ಅರ್ಜಿ ಅನ್ನುತ್ತಾರೆ. ಆಗಲೇ ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ಕಟ್ಟಿಬಿಟ್ಟರೆ ಮಾತಾಡುವ ಜಾಗವೇ ಕಡಿಮೆಯಾಗುತ್ತದೆ, ಆತುರ ಬೇಡ.

ನನಗೆ ಬೇಜಾರಾಗುವುದು ಇಲ್ಲಿ. ಮಂಡಿಪೇಟೆಯಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡುವ ಮನೆಯ ಮಕ್ಕಳು ಅಲ್ಲಿ ಹೋಗಿ 15 ಸಾವಿರ ಡಾಲರ್ ಬಿಲ್ಲಿನ ಮುಂದೆ ಬಾಯಿ ಬಿಡುವುದಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತೆ ಅಂತೆ. ಅಲ್ಲಿ ಆ ಮಾತಿಗೇ ಅಂತ ಒಂದು ಕೌಂಟರ್ ಇರುತ್ತದೆ. ಕೈಯಿಂದ ಕಟ್ಟುವವರಿಗೆ ರೇಟು ಎಷ್ಟು, ಕಂತು ಮಾಡಿಕೊಡುತ್ತೀರಾ, ಒಟ್ಟಿಗೆ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದು ಮೂರನೇ ತಿಂಗಳಲ್ಲೇ ಕೇಳಬೇಕು. ವಿಮೆ ಇಲ್ಲದವರಿಗೆ ಮೊದಲೇ ಅಂದಾಜು ಪಟ್ಟಿ ಬರೆದುಕೊಡಬೇಕೆಂಬ ಕಾನೂನು 2022ರಿಂದ ಇದೆ. ಬಿಲ್ಲು ಆ ಅಂದಾಜಿಗಿಂತ 400 ಡಾಲರ್ ಅಥವಾ ಇನ್ನೂ ಜಾಸ್ತಿ ಬಂದರೆ ತಕರಾರು ಹಾಕಬಹುದು. ಪಟ್ಟಿ ಕೈಗೆ ಬಂದಾಗ ಇದು ಯಾರ ಫೀಸು ಅಂತ ನೋಡಿ. ಡಾಕ್ಟರದು ಒಂದು, ಆಸ್ಪತ್ರೆಯದು ಒಂದು, ಬೆನ್ನಿಗೆ ಇಂಜೆಕ್ಷನ್ ಕೊಡುವವರದು ಒಂದು, ಮಗುವಿನದು ಇನ್ನೊಂದು ಬಿಲ್ಲು. ಒಂದನ್ನೇ ನೋಡಿ ಸಮಾಧಾನ ಪಟ್ಟವರು ಆಮೇಲೆ ಉಳಿದ ಮೂರನ್ನು ನೋಡಿ ಗಾಬರಿಯಾಗುತ್ತಾರೆ.

ಬೇರೆ ದೇಶಗಳ ಕಥೆ ಬೇರೆ. ಬ್ರಿಟನ್ನಿಗೆ ಓದಲು, ದುಡಿಯಲು ಹೋದವರಲ್ಲಿ ವೀಸಾ ಜೊತೆ ಆರೋಗ್ಯ ಸರ್ಚಾರ್ಜ್ ಕಟ್ಟಿದವರಿಗೆ ಹೆರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಉಚಿತ. ಕಟ್ಟದವರಿಗೆ ಬಿಲ್ಲು ಬರುತ್ತದೆ, ಆದರೆ ದುಡ್ಡಿಲ್ಲವೆಂದು ಹೆರಿಗೆ ಆರೈಕೆ ತಡೆಯುವಂತಿಲ್ಲ. ಕೆನಡಾದ ಒಂಟಾರಿಯೊದಲ್ಲಿ ವಾಸವಿದ್ದರೆ ಆರೋಗ್ಯ ಕಾರ್ಡ್ ಇಲ್ಲದವರನ್ನೂ ಮಿಡ್‌ವೈಫ್‌ಗಳು (ತರಬೇತಾದ ಸೂಲಗಿತ್ತಿಯರು) ಫೀಸಿಲ್ಲದೆ ನೋಡುತ್ತಾರೆ, ಆಸ್ಪತ್ರೆ ಖರ್ಚು ಮಾತ್ರ ಪ್ರತ್ಯೇಕ. ದುಬೈಯಲ್ಲಿ ಹೆಂಡತಿಯ ವಿಮೆ ಮಾಡಿಸುವುದು ಅವಳನ್ನು ಕರೆಸಿಕೊಂಡವನ ಜವಾಬ್ದಾರಿ.

"ಇಲ್ಲಿಗೇ ಬಂದುಬಿಡಲಾ?" ಎಂಬುದು ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಸಂಪ್ರದಾಯ ಇರುವುದರಿಂದ ತಾಯಂದಿರಿಗೂ ಅದೇ ಇಷ್ಟ. ದುಡ್ಡಿನ ಲೆಕ್ಕದಲ್ಲಿ ಸರಿ. ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಎರಡೂ 2011ರ ಜನನಿ ಶಿಶು ಸುರಕ್ಷಾ ಯೋಜನೆಯಡಿ ಉಚಿತ, ತಾಯಿ ಕಾರ್ಡ್ ಮಾಡಿಸಿಕೊಂಡರಾಯಿತು. ಖಾಸಗಿ ಆಸ್ಪತ್ರೆಯಲ್ಲಿ ಆದರೂ ಅಲ್ಲಿನ ಬಿಲ್ಲಿನ ಒಂದು ಚೂರು. ಇಲ್ಲಿ ಈಗ ವಿಮೆ ಕೊಳ್ಳುತ್ತೇನೆ ಅಂದರೆ ಪ್ರಯೋಜನವಿಲ್ಲ, ಹೆರಿಗೆ ಖರ್ಚು ಸಿಗುವ ಮುಂಚೆ ಸಾಮಾನ್ಯವಾಗಿ ಕಾಯುವ ಅವಧಿ ಇರುತ್ತದೆ. ನಾನು ಹೇಳುವುದು, ಬರುವುದಾದರೆ ಐದು ಆರನೇ ತಿಂಗಳಲ್ಲಿ ಬನ್ನಿ. 28 ವಾರ ದಾಟಿದರೆ ವಿಮಾನದವರು ಸಾಮಾನ್ಯವಾಗಿ ಡಾಕ್ಟರ್ ಚೀಟಿ ಕೇಳುತ್ತಾರೆ, 36 ವಾರದ ಮೇಲೆ ಹತ್ತಿಸಿಕೊಳ್ಳುವುದೇ ಕಷ್ಟ. ಅವಳಿ ಇದ್ದರೆ ಇನ್ನೂ ಮುಂಚೆ. ದಾರಿಯಲ್ಲಿ ಆಗಾಗ ಎದ್ದು ಓಡಾಡಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬಸುರಿಯರಿಗೆ ಜಾಸ್ತಿ. ಮಗು ಹುಟ್ಟಿದ ಮೇಲೆ ಅದಕ್ಕೆ ಪಾಸ್‌ಪೋರ್ಟ್, ವೀಸಾ ಆಗುವವರೆಗೆ ತಿಂಗಳುಗಟ್ಟಲೆ ಗಂಡ ಅಲ್ಲಿ, ಹೆಂಡತಿ ಇಲ್ಲಿ. ತಾಯಿಯ ವೀಸಾ ಮುದ್ರೆ ಮುಗಿದಿದ್ದರೆ ಅವಳೂ ವೀಸಾ ಸಂದರ್ಶನದ ಸರದಿಗೆ ಕಾಯಬೇಕು. ಟಿಕೆಟ್ ಬುಕ್ ಮಾಡುವ ಮುಂಚೆ ಪಾಸ್‌ಪೋರ್ಟ್ ತೆರೆದು ಆ ತಾರೀಕು ನೋಡಿ.

ಅಲ್ಲೇ ಹೆತ್ತರೆ ಮಗುವನ್ನು ಗಂಡನ ಕಂಪನಿ ವಿಮೆಗೆ 30 ದಿನದೊಳಗೆ, ಮಾರ್ಕೆಟ್‌ಪ್ಲೇಸ್ ವಿಮೆಗಾದರೆ 60 ದಿನದೊಳಗೆ ಸೇರಿಸಬೇಕು. ನಾಮಕರಣದ ತನಕ ಕಾಯಬೇಡಿ. ಬಾಣಂತನಕ್ಕೆ ಹೊರಟ ತಾಯಂದಿರೇ, ನಿಮ್ಮದೂ ಒಂದು ವಿಮೆ ಇರಲಿ. ನಿಮ್ಮ ಬಿಪಿ, ಶುಗರ್ ಮಾತ್ರೆಯನ್ನು ಇರುವಷ್ಟು ದಿನಕ್ಕೂ ಲೆಕ್ಕ ಹಾಕಿ, ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ.