ಕಂಪ್ಯೂಟರ್ ಆರ್ಡರಿನಲ್ಲಿ ಮೊದಲ ಡೋಸಿನ ಹೊತ್ತು: ಸಹಪಾಠಿಗಳಿಗೊಂದು ಟಿಪ್ಪಣಿ

ವೈದ್ಯರ ಆರ್ಡರ್, ಫಾರ್ಮಸಿಸ್ಟರ ಪರಿಶೀಲನೆ, ವಾರ್ಡಿಗೆ ಪೂರೈಕೆ, ಹಾಸಿಗೆಯ ಬಳಿ ನರ್ಸ್ ಔಷಧ ಕೊಟ್ಟು ದಾಖಲಿಸುವುದು: ಎಲೆಕ್ಟ್ರಾನಿಕ್ ಔಷಧ ನಿರ್ವಹಣೆಯ ಈ ಹಂತಗಳನ್ನು ಪಠ್ಯಪುಸ್ತಕ ಚೆನ್ನಾಗಿಯೇ ವಿವರಿಸುತ್ತದೆ. ಹಾಸನದ ವಾರ್ಡ್ ತರಬೇತಿಯಲ್ಲಿ ನನ್ನ ತಲೆ ತಿಂದದ್ದು ಇವ್ಯಾವುವೂ ಅಲ್ಲ, ಮೊದಲ ಡೋಸಿನ ಹೊತ್ತು. ಆದ್ದರಿಂದ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲು.

ಸಂಜೆ 6ಕ್ಕೆ ದಾಖಲಾದ ರೋಗಿಗೆ ವೈದ್ಯರು ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ನನ್ನು ದಿನಕ್ಕೊಮ್ಮೆ ಕೊಡಬೇಕೆಂದು ಆರ್ಡರ್ ಹಾಕಿದರೆಂದುಕೊಳ್ಳಿ. ದಿನಕ್ಕೊಮ್ಮೆಯ ಔಷಧಗಳಿಗೆ ಆ ವಾರ್ಡಿನಲ್ಲಿ ಬೆಳಿಗ್ಗೆ 10 ಗಂಟೆ ನಿಗದಿಯಾಗಿದೆ ಎಂದೂ ಇಟ್ಟುಕೊಳ್ಳಿ. ತಂತ್ರಾಂಶವು ಮೊದಲ ಡೋಸನ್ನು ಮರುದಿನ ಬೆಳಿಗ್ಗೆ 10ಕ್ಕೆ ಕೂರಿಸಿಬಿಡುತ್ತದೆ. ಮೂಡಿಗೆರೆ ಕಡೆಯ ಹಳ್ಳಿಗೆ ದಿನಕ್ಕೊಂದೇ ಬಸ್ಸಿದ್ದರೆ, ನಾವು ಯಾವಾಗ ನಿಲ್ದಾಣಕ್ಕೆ ಬಂದರೂ ಅದು ಹೊರಡುವುದು ತನ್ನ ಹೊತ್ತಿಗೇ ಅಲ್ಲವೇ, ಹಾಗೆ. ತೀವ್ರ ಸೋಂಕಿನ ರೋಗಿಯನ್ನು 16 ಗಂಟೆ ಕಾಯಿಸುವಂತಿಲ್ಲವಾದ್ದರಿಂದ ವೈದ್ಯರು ‘ಈಗಲೇ ಒಂದು ಡೋಸ್’ ಎಂದು ಇನ್ನೊಂದು ಆರ್ಡರ್ ಸೇರಿಸುತ್ತಾರೆ. ಗೊಂದಲ ಶುರುವಾಗುವುದು ಇಲ್ಲಿಂದ.

ಈಗ ಒಂದೇ ಔಷಧಕ್ಕೆ ಪರದೆಯ ಮೇಲೆ ಎರಡು ಸಾಲು. ಸಂಜೆ 6ಕ್ಕೆ ಕೊಟ್ಟ ಡೋಸ್ ‘ಈಗಲೇ’ ಎಂಬ ಸಾಲಿನಲ್ಲಿ ದಾಖಲಾಗುತ್ತದೆ, ಆ ಆರ್ಡರ್ ಮುಗಿದವುಗಳ ಪಟ್ಟಿಗೆ ಸರಿಯುತ್ತದೆ. ಮರುದಿನ ಪಾಳಿಗೆ ಬಂದ ನರ್ಸ್ ತೆರೆಯುವುದು ದಿನಕ್ಕೊಮ್ಮೆಯ ಸಾಲನ್ನು. ಅದರಲ್ಲಿ ಹಿಂದಿನ ಡೋಸಿನ ಜಾಗ ಖಾಲಿ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ರೋಗಿ, ಔಷಧ, ಪ್ರಮಾಣ, ಹೊತ್ತು ಎಲ್ಲಕ್ಕೂ ಹಸಿರು ಗುರುತು ಬೀಳುತ್ತದೆ, ಆದರೆ ಎರಡು ಡೋಸುಗಳ ನಡುವಿನ ಅಂತರ 24ರ ಬದಲು 16 ಗಂಟೆಯಷ್ಟೇ. ಅಮಿಕಾಸಿನ್ ಮೂತ್ರಪಿಂಡಗಳ ಮೂಲಕವೇ ದೇಹದಿಂದ ಹೊರಹೋಗುವ, ಮೂತ್ರಪಿಂಡಕ್ಕೂ ಶ್ರವಣಶಕ್ತಿಗೂ ಹಾನಿ ಮಾಡಬಲ್ಲ ಔಷಧವಾದ್ದರಿಂದ ಈ ಅಂತರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 12 ಗಂಟೆಗೊಮ್ಮೆಯ ಔಷಧದಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ: ಸಂಜೆ 4ಕ್ಕೆ ಈಗಲೇ ಎಂದು ಕೊಟ್ಟು, ನಿಗದಿಯಂತೆ ರಾತ್ರಿ 8ಕ್ಕೆ ಮತ್ತೆ ಕೊಟ್ಟರೆ ಅಂತರ ನಾಲ್ಕೇ ಗಂಟೆ. ಇಂಥ ಕಡೆ ಸ್ಕ್ಯಾನರ್ ಹೋಲಿಸುವುದು ಆರ್ಡರಿನ ಹೊತ್ತಿನೊಂದಿಗೆ. ರೋಗಿಯ ಮೈಗೆ ಕಳೆದ ಸಲ ಔಷಧ ಸೇರಿದ ಹೊತ್ತಿನೊಂದಿಗಲ್ಲ. ನನಗೆ ಬಹಳ ತಡವಾಗಿ ಹೊಳೆದ ಸಂಗತಿ ಇದು.

ಒಂದೇ ಔಷಧ ಎರಡು ಸಲ ಬಂದರೆ ಎಚ್ಚರಿಕೆ ಮೂಡುವುದಿಲ್ಲವೇ ಎಂದು ಕೇಳಬಹುದು. ಅನೇಕ ತಂತ್ರಾಂಶಗಳಲ್ಲಿ ಮೂಡುತ್ತದೆ. ಆದರೆ ಸರಿಯಾದ ಜೋಡಿ ಆರ್ಡರುಗಳಿಗೂ ಅದೇ ಎಚ್ಚರಿಕೆ ಬರುವುದರಿಂದ, ಓದದೆಯೇ ಅದನ್ನು ಮುಚ್ಚುವುದು ಕೈಗೆ ರೂಢಿಯಾಗಿಬಿಡುತ್ತದೆ. ಇದರ ಹೊಣೆಯನ್ನು ಬಳಸುವವರ ಮೇಲೆ ಹೊರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ನಾನು ನೆಚ್ಚಿಕೊಂಡ ಅಡ್ಡದಾರಿ ಇಷ್ಟು: ನಿಗದಿತ ಸಾಲಿನ ಮೊದಲ ಡೋಸ್ ಕೊಡುವ ಮುನ್ನ ಆರ್ಡರನ್ನಲ್ಲ, ಔಷಧದ ಮೂಲ ಹೆಸರನ್ನು (ಬ್ರ್ಯಾಂಡ್ ಹೆಸರನ್ನಲ್ಲ) ಹುಡುಕಿ, ಮುಗಿದ ಮತ್ತು ರದ್ದಾದ ಆರ್ಡರುಗಳನ್ನೂ ಸೇರಿಸಿ ಹಿಂದಿನ 48 ಗಂಟೆಗಳ ಡೋಸುಗಳನ್ನೆಲ್ಲ ನೋಡುವುದು. ಅಂತರ ಸಾಲದಿದ್ದರೆ ಹೊತ್ತನ್ನು ನಾವೇ ಬದಲಿಸದೆ ವೈದ್ಯರಿಗೆ ತಿಳಿಸಬೇಕು; ಮೇಲಿನ ಉದಾಹರಣೆಯಲ್ಲಾದರೆ ಅವರು ದಿನಕ್ಕೊಮ್ಮೆಯ ಆರ್ಡರನ್ನೇ ಸಂಜೆ 6ಕ್ಕೆ ಸರಿಸಬಹುದು.

ಈ ಅಡ್ಡದಾರಿಗೂ ಸಿಗದ ಡೋಸ್ ಒಂದಿದೆ. ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಹಾಸನಕ್ಕೆ ಕಳುಹಿಸಿದ ರೋಗಿಗೆ ಅಲ್ಲಿಯೇ ಮಧ್ಯಾಹ್ನ 2ಕ್ಕೆ ಇಂಜೆಕ್ಷನ್ ಆಗಿದ್ದರೆ ಅದು ಇರುವುದು ರೆಫರಲ್ ಚೀಟಿಯ ಮೂಲೆಯಲ್ಲಿ, ಕೈಬರಹದಲ್ಲಿ. ದಾಖಲಾತಿಯ ಹೊತ್ತಿನಲ್ಲೇ ಯಾರಾದರೂ ಅದನ್ನು ಹೊರಗೆ ಕೊಟ್ಟ ಡೋಸ್ ಎಂದು ನಮೂದಿಸದಿದ್ದರೆ ತಂತ್ರಾಂಶದ ಪಾಲಿಗೆ ಆ ರೋಗಿ ಇನ್ನೂ ಔಷಧವನ್ನೇ ಕಂಡಿಲ್ಲ.

ಬಾರ್‌ಕೋಡ್ ಬಗ್ಗೆ ಎರಡು ಮಾತು. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊತ್ತಿಗೆ ಸಂಬಂಧಿಸದ ತಪ್ಪುಗಳು ಬಾರ್‌ಕೋಡ್ ಇದ್ದೆಡೆ ಶೇ 11.5ರಿಂದ 6.8ಕ್ಕೆ ಇಳಿದವು. ಹೊತ್ತು ತಪ್ಪಿದ ಪ್ರಕರಣಗಳೂ ಇಳಿದವಾದರೂ ಅವುಗಳಿಂದ ಆಗಬಹುದಾಗಿದ್ದ ಹಾನಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ 2023ರ ಆಗಸ್ಟ್ 1ರಿಂದ 300 ಔಷಧ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾಗಿದೆ. ಆದರೆ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ವಾರ್ಡಿಗೆ ಕಳುಹಿಸಿದಾಗ ಕೋಡ್ ಉಳಿದ ತುಂಡಿನೊಂದಿಗೆ ಫಾರ್ಮಸಿಯಲ್ಲೇ ಉಳಿಯಬಹುದು. ಆಗ ಫಾರ್ಮಸಿಯೇ ಪ್ರತಿ ತುಂಡಿಗೂ ಹೆಸರು, ಬ್ಯಾಚ್ ಮತ್ತು ಅವಧಿ ದಿನಾಂಕಗಳಿರುವ ತನ್ನ ಲೇಬಲ್ ಅಂಟಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟಾಗ ಕಾಗದದ ಚಾರ್ಟಿಗೆ ಮರಳುವುದು ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ಅದನ್ನು ಕಂಪ್ಯೂಟರಿಗೆ ಏರಿಸುವಾಗ ಹೊತ್ತಿನ ಜಾಗದಲ್ಲಿ ಆ ಕ್ಷಣದ ಗಂಟೆ ತಾನಾಗಿ ತುಂಬಿಕೊಂಡಿರಬಹುದು. ರಾತ್ರಿ 8ಕ್ಕೆ ಕೊಟ್ಟದ್ದನ್ನು 11ಕ್ಕೆ ಏರಿಸಿ ಹಾಗೆಯೇ ಉಳಿಸಿದರೆ ಮುಂದಿನ ಅಂತರದ ಲೆಕ್ಕವೆಲ್ಲ ಮೂರು ಗಂಟೆ ತಪ್ಪುತ್ತದೆ. ಆದ್ದರಿಂದ ಕಾಗದದಲ್ಲಿರುವ 8 ಗಂಟೆಯನ್ನೇ ಕೈಯಾರೆ ತುಂಬಿ, ತಡವಾದ ನಮೂದು ಎಂಬ ಕಾರಣವನ್ನೂ ಬರೆದು ಉಳಿಸಬೇಕು.