ನೀರಿನಿಂದ ಎತ್ತಿದ ವಿಮಾನಕ್ಕೆ ಮೊದಲು ಬೇಕಾದ್ದು ನೀರು

ಮುಳುಗಿದ ವಿಮಾನವನ್ನು ಮೇಲೆತ್ತುವ ದಿನ ದಡದಲ್ಲಿ ಕ್ಯಾಮೆರಾ ಹಿಡಿದವರೇ ಜಾಸ್ತಿ. ಕ್ರೇನಿನ ಹಗ್ಗ ಬಿಗಿಯಾಗುತ್ತದೆ. ಪ್ರೊಪೆಲ್ಲರ್ ಕಾಣಿಸುತ್ತದೆ, ಹಿಂದೆಯೇ ರೆಕ್ಕೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಳೆಯ ಲೋಹವನ್ನು ಉಳಿಸುವ ಕೆಲಸ ಮಾಡುವ ನಮ್ಮಂಥವರ ಕಣ್ಣು ಆಗ ನೀರಿನ ಪೈಪಿನ ಮೇಲಿರುತ್ತದೆ. ಪೈಪ್ ತಯಾರಿದೆಯಾ, ಒದ್ದೆ ಬಟ್ಟೆ ಹೊದಿಸುವವರು ನಿಂತಿದ್ದಾರಾ, ಲಾರಿ ಎಷ್ಟು ಹೊತ್ತಿಗೆ ವಿಮಾನ ನೆನೆಸಿಡುವ ತೊಟ್ಟಿ ತಲುಪುತ್ತದೆ? ಎಂಬತ್ತು ವರ್ಷ ನೀರೊಳಗಿದ್ದ ವಿಮಾನ ಗಾಳಿಗೆ ಬಂದ ಗಳಿಗೆಯಿಂದ ಮೊದಲಿಗಿಂತ ವೇಗವಾಗಿ ಹಾಳಾಗತೊಡಗುತ್ತದೆ.

ಇದು ಯಾಕೆ ಅಂತ ತುಂಬ ಜನ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಯಾವತ್ತೂ ಜಾಡಿಯಲ್ಲೇ ಇರುತ್ತಿತ್ತು, ಅಲ್ವಾ? ಅಲ್ಯುಮಿನಿಯಂ ಡಬ್ಬಿಗೆ ಹಾಕಿದರೆ ತೂತು ಬೀಳುತ್ತದೆ ಎಂದು ಅಜ್ಜಿ ಗದರುತ್ತಿದ್ದರು. ವಿಮಾನದ ಕಥೆಯೂ ಅದೇ. ಅಲ್ಯುಮಿನಿಯಂ ತನ್ನ ಮೈಮೇಲೆ ತಾನೇ ಒಂದು ತೆಳು ಪದರ ಕಟ್ಟಿಕೊಳ್ಳುತ್ತದೆ. ಅದೇ ಅದರ ರಕ್ಷಣೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಹರಿದು ಒಳಗೆ ಕುಳಿ ತೋಡುತ್ತದೆ. ವಿಮಾನಕ್ಕೆ ಬಳಸುತ್ತಿದ್ದದ್ದು ಶುದ್ಧ ಅಲ್ಯುಮಿನಿಯಂ ಕೂಡ ಅಲ್ಲ. ಗಟ್ಟಿಯಾಗಲಿ ಎಂದು ತಾಮ್ರ ಬೆರೆಸಿದ ಡ್ಯೂರಾಲುಮಿನ್. ಉಪ್ಪಿನ ಎದುರು ಅದು ಇನ್ನೂ ದುರ್ಬಲ. ಅದರ ಪಕ್ಕದಲ್ಲೇ ಉಕ್ಕಿನ ಬೋಲ್ಟು, ಹಿತ್ತಾಳೆಯ ನಳಿಕೆ, ಮೆಗ್ನೀಸಿಯಂ ಭಾಗಗಳು ಇರುತ್ತವೆ. ಎರಡು ಬೇರೆ ಲೋಹಗಳು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಲೊಂದು ಬ್ಯಾಟರಿಯೇ ಆಗುತ್ತದೆ. ಒಂದು ಲೋಹ ಕರಗುತ್ತಾ ಇನ್ನೊಂದನ್ನು ಕಾಯುತ್ತದೆ. ಮೊದಲು ಹೋಗುವುದು ಮೆಗ್ನೀಸಿಯಂ. ಹಾಗಾಗಿ ಕೆಲವು ಸಲ ಟೈರ್ ಇರುತ್ತದೆ, ಒಳಗಿನ ಚಕ್ರವೇ ಇರುವುದಿಲ್ಲ.

ತಳದ ಹೂಳಿನೊಳಗೆ ಆಮ್ಲಜನಕ ಕಡಿಮೆ. ಅಲ್ಲಿ ಇದೆಲ್ಲ ನಿಧಾನಕ್ಕೆ ನಡೆಯುತ್ತದೆ. ಮೇಲೆ ಬಂದ ಮೇಲೆ ಗಾಳಿ ಬೇಕಾದಷ್ಟು ಸಿಗುತ್ತದೆ, ಉಪ್ಪು ಮಾತ್ರ ರಿವೆಟ್ಟಿನ ಕೆಳಗೆ, ತಗಡಿನ ಸಂದಿಯಲ್ಲಿ ಹಾಗೇ ಉಳಿದಿರುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ವರ್ಕ್‌ಶಾಪಿಗೆ ಸಮುದ್ರದಿಂದ ತೆಗೆದ ಸಣ್ಣ ತಗಡೊಂದು ಬಂತು. ಅದರ ಮೇಲೆ ಕಾರ್ಖಾನೆಯ ಮುದ್ರೆ ಸ್ಪಷ್ಟವಾಗಿ ಓದಲು ಬರುತ್ತಿತ್ತು. ತೊಳೆದು ಒರೆಸಿ ಕಪಾಟಿನಲ್ಲಿ ಇಟ್ಟೆವು. ಮಳೆಗಾಲ ಕಳೆದು ತೆಗೆದು ನೋಡಿದರೆ ಮುದ್ರೆ ಇದ್ದ ಜಾಗದಲ್ಲಿ ಬಿಳಿ ಪುಡಿ. ಆ ಅಕ್ಷರಗಳನ್ನು ನಾನು ಬರೆದುಕೊಂಡೂ ಇರಲಿಲ್ಲ. ಇವತ್ತಿಗೂ ಅದು ನೆನಪಾದರೆ ಸಂಕಟವಾಗುತ್ತದೆ.

ಉಪ್ಪಿಲ್ಲದ ನೀರಿನಲ್ಲಿ ವಿಮಾನ ಎಷ್ಟು ಚೆನ್ನಾಗಿ ಉಳಿಯಬಹುದು ಎಂಬುದಕ್ಕೆ ಅಮೆರಿಕದ ಮಿಷಿಗನ್ ಸರೋವರವೇ ದೊಡ್ಡ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಹಡಗಿನ ಮೇಲೆ ಇಳಿಯಬಲ್ಲ ಪೈಲಟ್‌ಗಳು ಸಾವಿರಗಟ್ಟಲೆ ಬೇಕಿತ್ತು. ಯುದ್ಧಕ್ಕೆ ಹೋಗಬೇಕಾದ ಹಡಗುಗಳನ್ನು ತರಬೇತಿಗೆ ನಿಲ್ಲಿಸುವಂತಿರಲಿಲ್ಲ. ಸಮುದ್ರದಲ್ಲಿ ಸಬ್‌ಮರೀನುಗಳ ಭಯ ಬೇರೆ. ಹಾಗಾಗಿ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಎರಡು ಹಳೆಯ ಸ್ಟೀಮರುಗಳ ಮೇಲ್ಭಾಗ ಕತ್ತರಿಸಿ, ರನ್‌ವೇ ಹಾಸಿ, ಷಿಕಾಗೋ ಬಳಿ ಸರೋವರಕ್ಕೆ ಇಳಿಸಿದರು. ವುಲ್ವರೀನ್ 1942ರಲ್ಲಿ, ಸೇಬಲ್ 1943ರಲ್ಲಿ. ಎರಡೂ ಕಲ್ಲಿದ್ದಲು ಉರಿಸಿ, ಪಕ್ಕದ ದೊಡ್ಡ ಚಕ್ರ ತಿರುಗಿಸಿಕೊಂಡು ಸಾಗುವ ಹಡಗುಗಳು. ಅವುಗಳ ಮೇಲೆ 15 ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಇಳಿಯುವುದನ್ನು ಕಲಿತರು. ಮುಂದೆ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್ ಕೂಡ ಅವರಲ್ಲೊಬ್ಬರು. ಕಲಿಯುವಾಗ ತಪ್ಪುಗಳಾಗುತ್ತವೆ. ನೂರಕ್ಕೂ ಜಾಸ್ತಿ ವಿಮಾನಗಳು ಸರೋವರದ ಪಾಲಾದವು.

ತಳದಲ್ಲಿ ಸಿಹಿನೀರು, ಕತ್ತಲೆ, ವರ್ಷವಿಡೀ ಕೊರೆಯುವ ಚಳಿ. ಅಲ್ಲಿಂದ ಬಂದ ಎಷ್ಟೋ ವಿಮಾನಗಳ ಮೈಮೇಲೆ ಬಣ್ಣ ಮತ್ತು ಅಂಕಿಗಳು ಓದುವಂತಿದ್ದವು. ವಿಂಡಿಕೇಟರ್ ಎಂಬ ಬಾಂಬರ್ ಇಡೀ ಜಗತ್ತಿನಲ್ಲಿ ಒಂದೇ ಉಳಿದಿದೆ. ಅದು ಬಂದದ್ದು ಈ ಸರೋವರದಿಂದ. ಷಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದವರು ಅಲ್ಲಿನ ವೈಲ್ಡ್‌ಕ್ಯಾಟ್ ವಿಮಾನ ನೋಡಿರಬಹುದು. ಅದೂ ಇಲ್ಲಿಂದ ಎತ್ತಿದ್ದೇ.

ಆದರೆ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು 2106 ಎಂಬ ಸಂಖ್ಯೆಯ ಡಾಂಟ್‌ಲೆಸ್ ಬಾಂಬರ್. 1942ರ ಜೂನ್ 4ರಂದು ಪೆಸಿಫಿಕ್ ಸಾಗರದ ಮಿಡ್‌ವೇ ಕದನದಲ್ಲಿ ಪೈಲಟ್ ಡೇನಿಯಲ್ ಐವರ್ಸನ್ ಇದನ್ನು ಹಾರಿಸಿ ಜಪಾನಿನ ಹಿರ್ಯು ಎಂಬ ವಿಮಾನವಾಹಕ ಹಡಗಿನ ಮೇಲೆ ದಾಳಿ ಮಾಡಿದರು. ವಾಪಸ್ ಬಂದಾಗ ವಿಮಾನದ ಮೈಯಲ್ಲಿ 200ಕ್ಕೂ ಹೆಚ್ಚು ಗುಂಡಿನ ತೂತುಗಳು. ಒಂದೇ ಚಕ್ರದ ಮೇಲೆ ಇಳಿಸಿದರು. ಆ ತೂತುಗಳಿಗೆ ತಗಡಿನ ತೇಪೆ ಹಾಕಿ ವಿಮಾನವನ್ನು ತರಬೇತಿಗೆ ಕಳಿಸಿಕೊಟ್ಟರು. 1943ರ ಜೂನ್‌ನಲ್ಲಿ ಅದು ಸರೋವರಕ್ಕೆ ಬಿತ್ತು. 1990ರ ದಶಕದಲ್ಲಿ ಎತ್ತಿದಾಗ ಆ ತೇಪೆಗಳು ಹಾಗೇ ಇದ್ದವು. ಈಗ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವಿಮಾನ ಮ್ಯೂಸಿಯಂನಲ್ಲಿದೆ. ಯಾರಾದರೂ "ಪೂರ್ತಿ ಹೊಸದರ ಹಾಗೆ ಮಾಡಿಬಿಡಿ" ಎಂದಾಗ ನಾನು ಈ ತೇಪೆಗಳ ಕಥೆ ಹೇಳುತ್ತೇನೆ. ತಗಡು ಬದಲಿಸಿದ್ದರೆ ಮಿಡ್‌ವೇ ಕದನವೇ ಅಳಿಸಿ ಹೋಗುತ್ತಿತ್ತು.

ಸಿಹಿನೀರಿನ ಈ ಭಾಗ್ಯವೂ ಶಾಶ್ವತ ಅಲ್ಲ. ಕ್ವಾಗಾ ಎಂಬ ಹೊರಗಿನಿಂದ ಬಂದ ಸಣ್ಣ ಚಿಪ್ಪುಮೀನು ಈಗ ಸರೋವರದ ತಳವನ್ನೆಲ್ಲ ಆವರಿಸಿದೆ. ವಿಮಾನಗಳ ಮೇಲೆ ದಪ್ಪಗೆ ಕೂತು, ಬಣ್ಣ ಮುಚ್ಚಿ, ಲೋಹಕ್ಕೂ ಹಾನಿ ಮಾಡುತ್ತದೆ. "ಅಲ್ಲೇ ಬಿಡಿ, ಕ್ಷೇಮವಾಗಿರುತ್ತದೆ" ಎಂಬ ಮಾತು ಮಿಷಿಗನ್ ಮಟ್ಟಿಗೆ ಮೊದಲಿನಷ್ಟು ನಿಜವಲ್ಲ.

ಎತ್ತುವ ಕೆಲಸದಲ್ಲಿ ದೊಡ್ಡ ಶತ್ರು ವಿಮಾನದೊಳಗೆ ತುಂಬಿದ ನೀರೇ. ನೀರಿನ ಕೆಳಗೆ ಅದರ ಭಾರ ಗೊತ್ತಾಗುವುದಿಲ್ಲ. ಮೇಲ್ಮೈ ದಾಟಿದೊಡನೆ ಅಷ್ಟೂ ನೀರು, ಹೂಳು ಸೇರಿ ರೆಕ್ಕೆಯನ್ನು ಕೆಳಕ್ಕೆ ಎಳೆಯುತ್ತದೆ. ಅವಸರ ಮಾಡಿದರೆ ಮುರಿಯುತ್ತದೆ. ಅದಕ್ಕೇ ಗಾಳಿಚೀಲ ಕಟ್ಟಿ ಮೆಲ್ಲಗೆ ಮೇಲಕ್ಕೆ ತಂದು, ನೀರು ಸೋರಿ ಹೋಗುವವರೆಗೆ ಕಾಯಬೇಕು. ಬೆಲ್ಟು ಎಲ್ಲಿ ಹಾಕುತ್ತೇವೆ ಎಂಬುದು ಇನ್ನೊಂದು ಪ್ರಶ್ನೆ. ಎಂಜಿನ್ ಕೂರಿಸುವ ಚೌಕಟ್ಟು, ರೆಕ್ಕೆಯ ಮುಖ್ಯ ತೊಲೆ, ಇಂಥ ಗಟ್ಟಿ ಜಾಗಗಳನ್ನು ಡೈವರ್ ಕೈಯಿಂದ ಮುಟ್ಟಿ ನೋಡಿರಬೇಕು. ಬಾಂಬು, ಗುಂಡು ಉಳಿದಿದೆಯಾ ಎಂದು ಅದಕ್ಕೂ ಮೊದಲು ನೋಡಬೇಕು. ಕತ್ತಲಲ್ಲಿ ಹೊಳೆಯಲಿ ಎಂದು ಮೀಟರುಗಳಿಗೆ ಬಳಿಯುತ್ತಿದ್ದ ರೇಡಿಯಂ ಇವತ್ತಿಗೂ ವಿಕಿರಣ ಸೂಸುತ್ತಿರುತ್ತದೆ. ಅದನ್ನು ಸುಮ್ನೆ ಕೈಯಲ್ಲಿ ಹಿಡಿಯುವಂತಿಲ್ಲ.

ಉಪ್ಪುನೀರಿನಿಂದ ಬಂದದ್ದಕ್ಕೆ ಏನು ಮಾಡಬೇಕು? ಈ ವಿಷಯದಲ್ಲಿ ನೌಕಾಪಡೆಯದಲ್ಲದ ಒಂದು ವಿಮಾನ ನಮಗೆಲ್ಲ ಪಾಠ ಕಲಿಸಿತು. 2013ರ ಜೂನ್ 10ರಂದು ಇಂಗ್ಲೆಂಡಿನ ಗುಡ್‌ವಿನ್ ಸ್ಯಾಂಡ್ಸ್ ಬಳಿ ಸಮುದ್ರದಿಂದ ಜರ್ಮನಿಯ ಡಾರ್ನಿಯರ್ 17 ಬಾಂಬರ್ ಎತ್ತಿದರು. ಅದರ ಸುತ್ತ ಚೌಕಟ್ಟು ಕಟ್ಟಿ ಎತ್ತುವುದು ಮೊದಲಿನ ಯೋಜನೆ. ಹವಾಮಾನ ಬಿಡಲಿಲ್ಲ. ಕೊನೆಗೆ ಗಟ್ಟಿ ಜಾಗಕ್ಕೆ ಹಗ್ಗ ಕಟ್ಟಿ ಎತ್ತಬೇಕಾಯಿತು. ಆಮೇಲೆ ಇಂಗ್ಲೆಂಡಿನ ಕಾಸ್ಫರ್ಡ್ ಮ್ಯೂಸಿಯಂನಲ್ಲಿ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಡೇರೆಯೊಳಗಿಟ್ಟು ವರ್ಷಗಟ್ಟಲೆ ಸಿಟ್ರಿಕ್ ಆಮ್ಲ ಬೆರೆಸಿದ ನೀರು ಸಿಂಪಡಿಸಿದರು. ನಿಂಬೆಹಣ್ಣಿನಲ್ಲಿರುವುದೂ ಅದೇ ಆಮ್ಲ. ತೀರಾ ಹದವಾಗಿ ಬೆರೆಸಿದರೆ ಅದು ಸಮುದ್ರದ ಗಟ್ಟಿ ಪದರವನ್ನು ಸಡಿಲಿಸಿ ಉಪ್ಪನ್ನು ಹೊರಗೆ ತರುತ್ತದೆ, ಲೋಹವನ್ನು ಬಿಟ್ಟುಬಿಡುತ್ತದೆ. ಹದ ತಪ್ಪಿದರೆ ಲೋಹವೂ ಹೋಗುತ್ತದೆ. ತೊಟ್ಟಿಯಲ್ಲಿ ನೆನೆಸುವಾಗಲೂ ಇದೇ ತಾಳ್ಮೆ ಬೇಕು. ನೀರು ಬದಲಿಸು, ಅದರಲ್ಲಿ ಎಷ್ಟು ಕ್ಲೋರೈಡ್ ಬಂತು ಅಳೆ, ಮತ್ತೆ ಬದಲಿಸು.

ಎಲ್ಲವನ್ನೂ ತೊಳೆದು ಕೊನೆಗೆ ಹೇಗೆ ತೋರಿಸಬೇಕು? ನನಗೆ ಇಷ್ಟವಾದ ಉತ್ತರ ಇಂಗ್ಲೆಂಡಿನ ಯೋವಿಲ್ಟನ್‌ನಲ್ಲಿರುವ ನೌಕಾ ವಾಯುದಳದ ಮ್ಯೂಸಿಯಂನಲ್ಲಿದೆ. 1940ರ ಏಪ್ರಿಲ್‌ನಲ್ಲಿ ನಾರ್ವೆಯ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿದ ಬ್ರಿಟಿಷ್ ನೌಕಾಪಡೆಯ ಸ್ಕುವಾ ವಿಮಾನ ಅದು. ಹಿಮ ಕರಗಿ ಮುಳುಗಿತು. 1974ರಲ್ಲಿ ಎತ್ತಿದರು. ಮುರಿದದ್ದು ಮುರಿದ ಹಾಗೆಯೇ ಇಟ್ಟಿದ್ದಾರೆ. ಅದೇ ಮ್ಯೂಸಿಯಂ ಬರಾಕುಡಾ ಎಂಬ ಇನ್ನೊಂದು ಬ್ರಿಟಿಷ್ ನೌಕಾ ವಿಮಾನದ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 2,500ಕ್ಕೂ ಹೆಚ್ಚು ಬರಾಕುಡಾ ತಯಾರಾಗಿದ್ದರೂ ಪೂರ್ತಿಯಾದ ಒಂದೂ ಉಳಿದಿಲ್ಲ. ಹಾಗಾಗಿ ಬೇರೆ ಬೇರೆ ಕಡೆ ಬಿದ್ದವುಗಳ ನುಜ್ಜುಗುಜ್ಜಾದ ತಗಡನ್ನು ಬಿಡಿಸಿ, ನೆಟ್ಟಗೆ ಮಾಡಿ, ಒಂದನ್ನು ಕಟ್ಟುತ್ತಿದ್ದಾರೆ. ಇಂಗ್ಲೆಂಡಿನ ದಕ್ಷಿಣ ತೀರದ ಸಾಲೆಂಟ್ ಕಡಲಲ್ಲಿ ವಿದ್ಯುತ್ ಕೇಬಲ್ ಹಾಕಲು ಸರ್ವೆ ಮಾಡುವಾಗ ಸಿಕ್ಕ, 2019ರಲ್ಲಿ ಎತ್ತಿದ ಬರಾಕುಡಾ ಭಾಗಗಳೂ ಅಲ್ಲಿಗೇ ಹೋದವು. ಒಂದೂ ಇಲ್ಲದಿದ್ದಾಗ ಹೀಗೆ ಕಟ್ಟುವುದು ಸರಿ ಎಂದೇ ನನ್ನ ಅಭಿಪ್ರಾಯ.

ಕೆಲವನ್ನು ಮುಟ್ಟಲೇಬಾರದು. ಅಮೆರಿಕದ ಮೇಯ್ನ್ ರಾಜ್ಯದ ಸೆಬಾಗೊ ಸರೋವರದಲ್ಲಿ ಬ್ರಿಟಿಷ್ ನೌಕಾಪಡೆಯ ಎರಡು ಕೋರ್ಸೇರ್ ಯುದ್ಧವಿಮಾನಗಳಿವೆ. 1944ರ ಮೇ ತಿಂಗಳಲ್ಲಿ ಡಿಕ್ಕಿ ಹೊಡೆದು ಬಿದ್ದವು. 2003ರಲ್ಲಿ ಒಂದು ಕಂಪನಿ ಎತ್ತಲು ಹೊರಟಾಗ ಬ್ರಿಟಿಷ್ ಸರ್ಕಾರ ಅವು ಸಮಾಧಿಗಳು ಎಂದು ತಡೆಯಿತು. ಕೋರ್ಟೂ ಎತ್ತಲು ಬಿಡಲಿಲ್ಲ. ಅದೇ ಯುದ್ಧಕಾಲದಲ್ಲಿ ನಮ್ಮ ಬೆಳ್ಳಂದೂರು ಕೆರೆಯ ಮೇಲೆ ಕ್ಯಾಟಲಿನಾ ವಿಮಾನಗಳು ಇಳಿದು ರಿಪೇರಿಗೆಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಹೋಗುತ್ತಿದ್ದವು. ಅದೇ ಜಾತಿಯ ವಿಮಾನಗಳು ಆಸ್ಟ್ರೇಲಿಯಾದ ಬ್ರೂಮ್ ಕೊಲ್ಲಿಯಲ್ಲಿ, ಡಚ್ ನೌಕಾಪಡೆಯ, ನೀರಿನ ಮೇಲಿಳಿಯುವ ಡಾರ್ನಿಯರ್‌ಗಳ ಜೊತೆ, 1942ರ ಮಾರ್ಚ್ 3ರ ಜಪಾನಿ ದಾಳಿಯಲ್ಲಿ ಸುಟ್ಟು ಮುಳುಗಿದವು. ಒಳಗೆ ಯುದ್ಧದಿಂದ ತಪ್ಪಿಸಿಕೊಂಡು ಬಂದ ಹೆಂಗಸರು, ಮಕ್ಕಳಿದ್ದರು. ಕಡಲು ಪೂರ್ತಿ ಇಳಿದ ದಿನ ಅವಶೇಷಗಳು ಕೆಸರಿನಲ್ಲಿ ಕಾಣುತ್ತವೆ. ಅವು ಅಲ್ಲೇ ಇರಲಿ.

ಇನ್ನು, ಎತ್ತಲೇಬೇಕು ಎಂದು ನನಗೆ ಅನಿಸುವುದು ಡೆವಾಸ್ಟೇಟರ್. ಮಿಡ್‌ವೇಯಲ್ಲಿ ಹೆಚ್ಚುಕಡಿಮೆ ನಿರ್ನಾಮವಾದ ಆ ಟಾರ್ಪಿಡೋ ವಿಮಾನ ಯಾವ ಮ್ಯೂಸಿಯಂನಲ್ಲೂ ಇಲ್ಲ. ಮಾರ್ಷಲ್ ದ್ವೀಪಗಳ ಜಲೂಯಿಟ್ ಹಿನ್ನೀರಿನಲ್ಲಿ ಎರಡು ಕೂತಿವೆ. 1942ರ ಫೆಬ್ರವರಿ 1ರಂದು ಇಳಿದವು. ಅಮೆರಿಕದ ನೌಕಾಪಡೆ ಮುಳುಗಿದ ವಿಮಾನದ ಮೇಲಿನ ಹಕ್ಕು ಬಿಟ್ಟುಕೊಡುವುದಿಲ್ಲ, 2004ರ ಕಾನೂನೂ ಅದನ್ನೇ ಹೇಳುತ್ತದೆ. ಆದ್ದರಿಂದ ಅದರ ಒಪ್ಪಿಗೆ ಬೇಕು, ಮಾರ್ಷಲ್ ದ್ವೀಪದವರ ಒಪ್ಪಿಗೆಯೂ ಬೇಕು. ಅವೆರಡೂ ಸಿಕ್ಕಿದರೂ ಅದು ಬೆಚ್ಚಗಿನ ಉಪ್ಪುನೀರು. ರೆಕ್ಕೆ ಪೂರ್ತಿ ಚಾಚಿದರೆ ಆ ವಿಮಾನ 15 ಮೀಟರ್ ಅಗಲ. ಅಷ್ಟು ದೊಡ್ಡ ತೊಟ್ಟಿ ಕಟ್ಟಿ, ನೀರು ತುಂಬಿಸಿ, ಮುಂದಿನ ಹಲವು ವರ್ಷ ಅದನ್ನು ನೋಡಿಕೊಳ್ಳುವವರ ಸಂಬಳ ತೆಗೆದಿಟ್ಟ ಮೇಲೆ ಡೈವರ್‌ಗಳಿಗೆ ಫೋನ್ ಮಾಡಬೇಕು.